ರೆನ್‌ನಲ್ಲಿ ಎರಡಾಗುವ ರೈಲು

ಎವ್ಲೀನ್ ಕೊರ್ದಿಯೆ ಒಬ್ಬಳೇ ದೂರದ ರೈಲು ಹತ್ತಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಹೊರಟಿದ್ದು ತಮ್ಮನಿಗೆ ತನ್ನದೊಂದು ಕಿಡ್ನಿ ಕೊಡುವುದಕ್ಕೆ.

ಲಾ ಶಾರಿತೆ ಎಂಬ ಸಣ್ಣ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಅಡುಗೆಯವಳು ಅವಳು. ಇನ್ನೂರು ಮಕ್ಕಳ ಊಟವನ್ನು ಗಡಿಯಾರದ ಕಡೆ ತಿರುಗಿಯೂ ನೋಡದೆ ಹೊತ್ತಿಗೆ ಸರಿಯಾಗಿ ಮೇಜಿಗೆ ತಂದಿಡುತ್ತಿದ್ದಳು. ಆದರೆ ಊರಿನ ಸೇತುವೆ ದಾಟಿ ಆಚೆ ಹೋಗುವುದೆಂದರೆ ಅವಳಿಗೆ ಕೈಕಾಲು ಆಡುತ್ತಿರಲಿಲ್ಲ. ಮದುವೆಯಾದಾಗಿನಿಂದ ಎಲ್ಲಿಗೆ ಹೋದರೂ ಕಾರು ಓಡಿಸುತ್ತಿದ್ದವನು ಗಂಡ ಸೆರ್ಜ್. ದಾರಿ ಅವನಿಗೆ ಗೊತ್ತು, ಎಲ್ಲಿ ನಿಲ್ಲಿಸಬೇಕೆಂಬುದೂ ಅವನಿಗೇ ಗೊತ್ತು. ಅವಳು ಪಕ್ಕದ ಸೀಟಿನಲ್ಲಿ ತಿಂಡಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರೆ ಸಾಕಿತ್ತು.

ತಮ್ಮ ಜೊಯೆಲ್ ಇರುವುದು ಬ್ರೆಸ್ಟ್‌ನಲ್ಲಿ, ಪಶ್ಚಿಮದ ಸಮುದ್ರದ ಅಂಚಿಗೆ. ಹಡಗು ರಿಪೇರಿ ಮಾಡಿಕೊಂಡಿದ್ದವನು. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಯಂತ್ರಕ್ಕೆ ತೋಳು ಕೊಟ್ಟು ಮಲಗಿ ರಕ್ತ ಶುದ್ಧಿ ಮಾಡಿಸಿಕೊಳ್ಳುತ್ತಿದ್ದ. ಎವ್ಲೀನಳ ಕಿಡ್ನಿ ಅವನಿಗೆ ಹೊಂದುತ್ತದೆಂದು ಡಾಕ್ಟರು ಹೇಳಿದ ದಿನ ಅವಳು ಎರಡು ಮಾತಿಲ್ಲದೆ ಒಪ್ಪಿಕೊಂಡಳು. ಮಾತು ಶುರುವಾಗಿದ್ದು ಮನೆಯಲ್ಲಿ. ಹನ್ನೊಂದು ವರ್ಷದ ಹಿಂದೆ ಹೆತ್ತ ತಾಯಿಯ ಮಣ್ಣಿಗೂ ಬಾರದೆ ಇದ್ದವನು ಅವನು, ಒಂದು ಫೋನು ಕೂಡ ಮಾಡಲಿಲ್ಲ, ಅವನಿಗೆ ನೀನು ಮೈ ಕೊಯ್ಯಿಸಿಕೊಂಡು ಕೊಡುತ್ತೀಯಾ ಎಂದು ಸೆರ್ಜ್ ಹಟ ಹಿಡಿದ. ಆದರೂ ವಸಂತದಲ್ಲಿ ಪರೀಕ್ಷೆಗಳಿಗೆಂದು ಬ್ರೆಸ್ಟ್‌ವರೆಗೆ ಎಂಟು ಗಂಟೆ ಕಾರು ಓಡಿಸಿದ. ಆಸ್ಪತ್ರೆಯ ಒಳಗೆ ಮಾತ್ರ ಕಾಲಿಡಲಿಲ್ಲ. ಆಪರೇಷನ್ನಿನ ದಿನ ಗೊತ್ತಾದ ಮೇಲೆ ಒಂದು ಬೆಳಿಗ್ಗೆ ಕಾಫಿ ಬಟ್ಟಲು ಕೆಳಗಿಟ್ಟು ಹೇಳಿದ:

"ಪರೀಕ್ಷೆಗೆ ಕರ್ಕೊಂಡು ಹೋದೆ, ಸಾಕು. ಕೊಯ್ಯಿಸೋಕೆ ನಾನು ಕರ್ಕೊಂಡು ಹೋಗಲ್ಲ. ಹೋಗೋದಾದ್ರೆ ಒಬ್ಬಳೇ ಹೋಗು, ನೋಡೋಣ."

ಅವಳು ಹೋಗಲಾರಳು ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ಎವ್ಲೀನ್ ಆ ಮಧ್ಯಾಹ್ನವೇ ಸ್ಟೇಷನ್ನಿಗೆ ಹೋಗಿ ಟಿಕೆಟ್ ತೆಗೆಸಿದಳು. ಕಿಟಕಿಯ ಹುಡುಗಿ ಹೇಳಿದ್ದನ್ನೆಲ್ಲ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಳು. ಲಾ ಶಾರಿತೆಯಿಂದ ಪ್ಯಾರಿಸ್ಸಿನ ಬೆರ್ಸಿ ಸ್ಟೇಷನ್, ಅಲ್ಲಿಂದ ಆರನೇ ನಂಬರಿನ ಮೆಟ್ರೋದಲ್ಲಿ ಮೋಂಪಾರ್ನಾಸ್, ಅಲ್ಲಿಂದ ಬ್ರೆಸ್ಟ್ ರೈಲು, ಐದನೇ ಡಬ್ಬಿ. ಸಂಜೆ ಐದರೊಳಗೆ ಆಸ್ಪತ್ರೆಯಲ್ಲಿರಬೇಕು. ಅಲ್ಲಿ ಕೊನೆಯ ಸಲ ಇಬ್ಬರ ರಕ್ತವನ್ನೂ ತಾಳೆ ನೋಡುತ್ತಾರೆ. ಅದು ತಪ್ಪಿದರೆ ಮರುದಿನದ ಆಪರೇಷನ್ ಇಲ್ಲ. ಜೊಯೆಲನಿಗೆ ಜ್ವರ ಬಂದು ಒಮ್ಮೆ ಆಗಲೇ ಮುಂದಕ್ಕೆ ಹೋಗಿತ್ತು.

ಅಕ್ಟೋಬರ್ ಕೊನೆಯ ಶಾಲೆ ರಜೆ. ಹೊರಡುವ ದಿನ ಸೆರ್ಜ್ ಎದ್ದಿದ್ದ, ಅಡುಗೆಮನೆಯಲ್ಲಿ ಬೆನ್ನು ಹಾಕಿಕೊಂಡು ರೇಡಿಯೋ ತಿರುಗಿಸುತ್ತಿದ್ದ. ಬರುತ್ತೇನೆ ಎಂದಳು. ಅವನು ಹೂಂ ಎಂದ. ಇನ್ನೂ ಬೆಳಕು ಹರಿಯದ ಬೀದಿಯಲ್ಲಿ ಚಕ್ರದ ಪೆಟ್ಟಿಗೆ ಎಳೆದುಕೊಂಡು ಅವಳು ಸ್ಟೇಷನ್ನಿಗೆ ನಡೆದಳು.

ಮೊದಲ ರೈಲಿನಲ್ಲಿ ಅವಳು ಕಿಟಕಿಯಾಚೆ ಏನನ್ನೂ ನೋಡಲಿಲ್ಲ. ಟಿಕೆಟ್ಟು, ಗುರುತಿನ ಕಾರ್ಡು, ಆಸ್ಪತ್ರೆಯ ಪತ್ರ, ಈ ಮೂರನ್ನೂ ಚೀಲದಿಂದ ತೆಗೆದು ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಬೆರ್ಸಿಯಲ್ಲಿ ಇಳಿದವಳು ಮೆಟ್ರೋದ ದಿಕ್ಕು ಸರಿಯೇ ಎಂದು ಮೂವರನ್ನು ಕೇಳಿದಳು. ಮೂವರೂ ಒಂದೇ ಉತ್ತರ ಕೊಟ್ಟರೂ ನಂಬಿಕೆ ಬರಲಿಲ್ಲ. ಒಂದೊಂದು ನಿಲ್ದಾಣ ಬಂದಾಗಲೂ ಬಾಗಿಲ ಮೇಲಿನ ಪಟ್ಟಿಯಲ್ಲಿ ಹೆಸರು ಹುಡುಕಿ ಬೆರಳಿಟ್ಟಳು. ಮೋಂಪಾರ್ನಾಸ್ ತಲುಪಿದಾಗ ರೈಲಿಗೆ ಇನ್ನೂ ಒಂದೂವರೆ ಗಂಟೆ ಇತ್ತು. ಆ ಒಂದೂವರೆ ಗಂಟೆಯೂ ಬೋರ್ಡಿನ ಕೆಳಗೆ ನಿಂತೇ ಇದ್ದಳು. ಕಣ್ಣು ತೆಗೆದರೆ ತನ್ನ ರೈಲು ಅಳಿಸಿಹೋಗುತ್ತದೇನೋ ಎಂಬಂತೆ.

ಪ್ಲಾಟ್‌ಫಾರಂ ನಂಬರು ಕಂಡದ್ದೇ ತಡ, ಜನ ನುಗ್ಗಿದರು. ಅವಳೂ ನುಗ್ಗಿದಳು. ರೈಲು ಎಷ್ಟು ಉದ್ದವಿತ್ತೆಂದರೆ ಅದರ ಮೂತಿ ಕಾಣುತ್ತಿರಲಿಲ್ಲ. ಮೊದಲು ಸಿಕ್ಕ ಬಾಗಿಲು ಹದಿನೇಳನೇ ಡಬ್ಬಿಯದು. ಹೊರಡಲು ಹತ್ತು ನಿಮಿಷ ಇದ್ದರೂ ಅವಳಿಗೆ ಧೈರ್ಯ ಸಾಲಲಿಲ್ಲ. ಹತ್ತಿಬಿಟ್ಟು ಒಳಗಿಂದಲೇ ಐದನೇ ಡಬ್ಬಿಯವರೆಗೆ ನಡೆದರಾಯಿತು ಎಂದುಕೊಂಡಳು.

ಒಳಗಿಂದ ಹೋಗಲು ದಾರಿ ಇರಲಿಲ್ಲ. ಹನ್ನೊಂದನೇ ಡಬ್ಬಿಯ ಕೊನೆಗೆ ಬಂದರೆ ಎದುರಿಗೆ ಮುಚ್ಚಿದ ಗೋಡೆ. ಅಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ವಿವರಿಸಿದಳು: ಇವು ಎರಡು ರೈಲು, ಒಂದರ ಹಿಂದೊಂದು ಕಟ್ಟಿದ್ದಾರೆ. ದಾರಿಯಲ್ಲಿ ಬರುವ ರೆನ್ ಸ್ಟೇಷನ್ನಿನಲ್ಲಿ ಬಿಚ್ಚುತ್ತಾರೆ. ಮುಂದಿನದು ಬ್ರೆಸ್ಟ್‌ಗೆ ಹೋಗುತ್ತದೆ, ಹಿಂದಿನದು ಕ್ಯಾಂಪೇರ್‌ಗೆ. ರೆನ್‌ನಲ್ಲಿ ಇಳಿದು ಮುಂದಕ್ಕೆ ನಡೆದು ಹತ್ತಿಕೊಳ್ಳಿ, ಬೇಕಾದಷ್ಟು ಹೊತ್ತು ನಿಲ್ಲುತ್ತದೆ.

ಎವ್ಲೀನ್ ಅಲ್ಲೇ ಬಾಗಿಲ ಪಕ್ಕದ ಮಡಚುವ ಸೀಟಿನಲ್ಲಿ ಕೂತಳು. ಬೆಣ್ಣೆ ಹಚ್ಚಿ ಹ್ಯಾಮ್ ಇಟ್ಟ ಬ್ರೆಡ್ಡು ಚೀಲದಲ್ಲಿತ್ತು, ಮುಟ್ಟಲಿಲ್ಲ. ಜಿಲ್ಲಾ ಕೇಂದ್ರ ನೆವೇರ್‌ನ ಕೋರ್ಟಿನಲ್ಲಿ, ಕಾನೂನಿನ ಪ್ರಕಾರ ಕಿಡ್ನಿ ಕೊಡಲು ಅವಳ ಒಪ್ಪಿಗೆ ಬರೆಸಿಕೊಂಡ ನ್ಯಾಯಾಧೀಶೆಯ ಮಾತು ನೆನಪಾಗುತ್ತಿತ್ತು. ಅರಿವಳಿಕೆ ಕೊಡುವ ಕ್ಷಣದವರೆಗೂ ನೀವು ಬೇಡ ಅನ್ನಬಹುದು, ಯಾಕೆಂದು ಯಾರೂ ಕೇಳುವ ಹಾಗಿಲ್ಲ ಎಂದಿದ್ದರು ಆಕೆ. ಧೈರ್ಯ ತುಂಬಲು ಹೇಳಿದ ಮಾತು ಮೂರು ವಾರದಿಂದ ಅವಳ ನಿದ್ದೆ ಕೆಡಿಸಿತ್ತು. ಬೇರೆ ದಾರಿಯೇ ಇಲ್ಲವೆಂದರೆ ಕಣ್ಣು ಮುಚ್ಚಿಕೊಂಡು ಹೋಗಿಬಿಡಬಹುದು. ಬಾಗಿಲು ಸದಾ ತೆರೆದಿದೆ ಎಂದರೆ?

ರೆನ್ ಬರುವ ಕಾಲು ಗಂಟೆ ಮುಂಚೆಯೇ ಅವಳು ಬಾಗಿಲಲ್ಲಿ ನಿಂತಿದ್ದಳು. ಇಳಿದಳು. ಮುಂದಕ್ಕೆ ನಾಲ್ಕು ಹೆಜ್ಜೆ ಇಟ್ಟಿರಬೇಕು, ಫೋನು ಬಡಿದುಕೊಂಡಿತು. ಸೆರ್ಜ್. ಜನರ ಗಲಾಟೆಗೆ ಏನೂ ಕೇಳದೆ ಅವಳು ಗೋಡೆಯ ಕಡೆ ತಿರುಗಿ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡಳು.

"ಎಲ್ಲಿದ್ದೀಯ?"

"ರೆನ್‌ನಲ್ಲಿ."

"ಅಲ್ಲೇ ಇರು. ನಾನು ಕಾರಲ್ಲಿ ಬರ್ತೀನಿ. ಬೈಯಲ್ಲ, ಏನೂ ಅನ್ನಲ್ಲ, ಮನೆಗೆ ಬಾ." ಅವನ ದನಿ ಅವಳಿಗೆ ಗುರುತೇ ಸಿಗಲಿಲ್ಲ. "ನನಗೆ ಅವನ ಮೇಲಿನ ಸಿಟ್ಟಲ್ಲ ಕಣೆ. ಆ ಆಪರೇಷನ್ ಮೇಜಿನ ಮೇಲೆ ನಿನಗೇನಾದ್ರೂ ಆದ್ರೆ ಈ ಮನೇಲಿ ನಾನೊಬ್ಬನೇ ಏನ್ ಮಾಡ್ಲಿ, ಹೇಳು."

ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಅವನು ಹೀಗೆ ಮಾತಾಡಿದ್ದು ಅವಳಿಗೆ ನೆನಪಿಲ್ಲ. ಏನು ಹೇಳಿದಳೋ, ಸೆರ್ಜ್ ಸೆರ್ಜ್ ಎಂದಷ್ಟೇ ಅಂದಳೋ. ಬೆನ್ನ ಹಿಂದೆ ಶಿಳ್ಳೆ ಕೇಳಿತು. ತಿರುಗಿದರೆ ಪ್ಲಾಟ್‌ಫಾರಂ ಖಾಲಿ, ಬಾಗಿಲುಗಳು ಮುಚ್ಚುತ್ತೇವೆಂದು ಕೂಗುತ್ತಿವೆ. ಪೆಟ್ಟಿಗೆಯನ್ನು ಎತ್ತಿ ಎದುರಿಗಿದ್ದ ಬಾಗಿಲೊಳಗೆ ಎಸೆದು ತಾನೂ ಹತ್ತಿದಳು. ಬಾಗಿಲು ಮುಚ್ಚಿತು, ರೈಲು ಹೊರಟಿತು.

ಅದೇ ಮಡಚುವ ಸೀಟು. ಅದೇ ಕಾಲೇಜು ಹುಡುಗಿ ತಲೆಯೆತ್ತಿ ನೋಡಿ, ಅಯ್ಯೋ ಎನ್ನುವಂತೆ ಬಾಯಿಗೆ ಕೈ ಹಿಡಿದಳು. ಬ್ರೆಸ್ಟ್‌ಗೆ ಹೋಗುವ ಮುಂದಿನ ಅರ್ಧ ಆಗಲೇ ಹೊರಟುಹೋಗಿತ್ತು, ಅವಳು ಗೋಡೆಗೆ ಮುಖ ಮಾಡಿ ನಿಂತಿದ್ದಾಗ. ರದೋನ್, ವಾನ್, ಓರೇ, ಲೋರಿಯಾಂ, ಕ್ಯಾಂಪೇರ್ ಎಂದು ಮೈಕಿನಲ್ಲಿ ಹೆಂಗಸಿನ ದನಿ ನಿಧಾನಕ್ಕೆ ಹೇಳಿತು.

ತಪ್ಪು ರೈಲಿನಲ್ಲಿದ್ದೇನೆಂದು ಎವ್ಲೀನ್ ಹೆದರಿದಳು. ಅದಕ್ಕಿಂತ ಹೆಚ್ಚು ಅವಳನ್ನು ಹೆದರಿಸಿದ್ದು ಬೇರೆ. ಈ ಭಯದ ತಳದಲ್ಲಿ ಎಲ್ಲೋ ಒಂದು ಕಡೆ ಹಗುರ ಅನ್ನಿಸಿತ್ತು. ನಾನೇನು ಮಾಡಲಿ, ರೈಲು ತಪ್ಪಿಹೋಯಿತು. ಯಾರು ತಾನೆ ತಪ್ಪು ಹೊರಿಸಿಯಾರು?

ಮೈಕಿನಲ್ಲಿ ಮಾತಾಡಿದವಳೇ ಟಿಕೆಟ್ ನೋಡುತ್ತ ಬಂದಳು. ಎವ್ಲೀನಳದೇ ವಯಸ್ಸು, ಗಿಡ್ಡ ಕೂದಲು, ಎದೆಯ ಮೇಲೆ ಮರಿವೋನ್ ಎಂಬ ಹೆಸರು. ಟಿಕೆಟ್ ನೋಡಿ ನಕ್ಕಳು.

"ವಾರಕ್ಕೆ ನಾಲ್ಕು ಜನ ಸಿಗ್ತಾರೆ ಮೇಡಂ ನಿಮ್ಮ ಹಾಗೆ. ಗಾಬರಿ ಬೇಡ, ಕ್ಯಾಂಪೇರ್‌ನಲ್ಲೂ ಸಮುದ್ರ ಇದೆ."

ಎವ್ಲೀನ್ ಆಸ್ಪತ್ರೆಯ ಪತ್ರ ತೋರಿಸಿದಳು. ಮರಿವೋನ್ ಪತ್ರವನ್ನು ಎರಡು ಸಲ ಓದಿದಳು. ನಗು ಮಾಯವಾಯಿತು, ಪಕ್ಕದ ಸೀಟು ಎಳೆದು ಕೂತಳು, ಕೈಯಲ್ಲಿದ್ದ ಯಂತ್ರದಲ್ಲಿ ಹುಡುಕಿದಳು. ರದೋನ್‌ನಲ್ಲಿ ಇಳಿದು ರೆನ್‌ಗೆ ಮರಳಿ, ಅಲ್ಲಿಂದ ಬ್ರೆಸ್ಟ್ ರೈಲು ಹಿಡಿದರೆ ತಲುಪುವುದು ಐದೂವರೆಗೆ. ಆಗುವುದಿಲ್ಲ. ಇದೇ ರೈಲಿನಲ್ಲಿ ಕೊನೆಯವರೆಗೆ ಹೋದರೆ ಕ್ಯಾಂಪೇರ್‌ನಿಂದ ಬ್ರೆಸ್ಟ್‌ಗೆ ಒಂದು ಚಿಕ್ಕ ರೈಲಿದೆ, ನಾಲ್ಕು ಗಂಟೆ ಐದು ನಿಮಿಷಕ್ಕೆ ಮುಟ್ಟಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಹತ್ತಲು ಇರುವುದು ಒಂಬತ್ತು ನಿಮಿಷ.

"ಇನ್ನೊಂದು ದಾರಿನೂ ಇದೆ," ಎಂದಳು ಮರಿವೋನ್, ಅವಳ ಮುಖವನ್ನೇ ನೋಡುತ್ತ. "ರದೋನ್‌ನಲ್ಲಿ ಎದುರು ಪ್ಲಾಟ್‌ಫಾರಂಗೆ ಪ್ಯಾರಿಸ್ ರೈಲು ಬರುತ್ತೆ. ಹೇಳಬೇಕಾದ್ದು ನನ್ನ ಕೆಲಸ, ಹೇಳಿದೆ."

ರದೋನ್‌ಗೆ ಇಪ್ಪತ್ತೈದು ನಿಮಿಷವಿತ್ತು. ಎವ್ಲೀನ್ ಡಬ್ಬಿಗಳ ನಡುವಿನ ಜಾಗಕ್ಕೆ ಹೋಗಿ ನಿಂತು ಜೊಯೆಲನಿಗೆ ಫೋನು ಮಾಡಿದಳು. ಅವನು ಆಗಲೇ ಆಸ್ಪತ್ರೆ ಸೇರಿದ್ದ. ಆದದ್ದನ್ನು ಹೇಳಿದಳು.

"ನಿಜ ಹೇಳಕ್ಕ. ರೈಲು ತಪ್ತೋ, ನೀನೇ ತಪ್ಪಿಸ್ಕೊಂಡ್ಯೋ?"

"ಗೊತ್ತಿಲ್ಲ ಕಣೋ. ಶಿಳ್ಳೆ ಹೊಡೆದ್ರು, ಹತ್ತಿಬಿಟ್ಟೆ."

"ಹೆದರಿಕೆನಾ?"

"ನಿನ್ನೆಯಿಂದ ಹೊಟ್ಟೇಲಿ ಒಂದು ತುತ್ತು ನಿಲ್ತಿಲ್ಲ."

ಜೊಯೆಲ್ ಕೆಮ್ಮಿದ. ಆಮೇಲೆ ಹೇಳಿದ: "ಅಮ್ಮನ್ನ ಮಣ್ಣು ಮಾಡೋ ದಿನ ನಾನು ಹೊರಟಿದ್ದೆ. ಇದೇ ರೈಲು. ಮೋಂಪಾರ್ನಾಸ್‌ವರೆಗೂ ಬಂದೆ. ಕಪ್ಪು ಕೋಟು ಹಾಕ್ಕೊಂಡು, ಹೂ ಹಿಡ್ಕೊಂಡು. ಸ್ಟೇಷನ್ ಎದುರಿನ ಬಾರಲ್ಲಿ ಒಂದೇ ಒಂದು ಕುಡಿದು ಹೋಗೋಣ ಅಂತ ಕೂತೆ. ಸಂಜೆ ಅಲ್ಲಿಂದಲೇ ವಾಪಸ್ ಬಂದೆ. ನಿಮ್ಮೆಲ್ಲರ ಮುಖ ನೋಡೋ ಧೈರ್ಯ ಆಗ್ಲಿಲ್ಲ. ಅರ್ಧ ದಾರಿಯಿಂದ ವಾಪಸ್ ಹೋದೋರನ್ನ ಬೈಯೋಕೆ ನನಗೆ ಬಾಯಿಲ್ಲ ಅಕ್ಕ. ಇಳಿದು ಮನೆಗೆ ಹೋದ್ರೂ ಸರಿ. ಯಂತ್ರ ನನಗೆ ರೂಢಿ ಆಗಿದೆ."

ಅವಳಿಗೆ ಮೊದಲು ಬಂದದ್ದು ಕರುಣೆಯಲ್ಲ, ಸಿಟ್ಟು. ಹನ್ನೊಂದು ವರ್ಷ ಈ ಮಾತು ಎಲ್ಲಿ ಹೋಗಿತ್ತು? ಆ ದಿನ ಸ್ಮಶಾನದ ಗೇಟಿನಲ್ಲಿ ಅವಳು ಪಾದ್ರಿಯನ್ನು ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದಳು, ಬರುತ್ತಾನೆ, ಈಗ ಬರುತ್ತಾನೆ ಎಂದು. ಅಷ್ಟು ಹೊತ್ತೂ ಇವನು ಪ್ಯಾರಿಸ್ಸಿನಲ್ಲಿ ಹೂವಿನ ಕಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದ. ಆಮೇಲೆ ಫೋನು ಮಾಡಿ ಹೇಳುವುದಕ್ಕೂ ನಾಚಿಕೆಯಾಗಿ ಸುಮ್ಮನಾದ. ಒಂದು ವರ್ಷ ಸುಮ್ಮನಿದ್ದವನಿಗೆ ಎರಡನೆಯ ವರ್ಷ ಬಾಯಿ ತೆರೆಯುವುದು ಇನ್ನೂ ಕಷ್ಟವಾಗಿರಬೇಕು. ಮನೆಗೆ ಹೋಗಿ ಸೆರ್ಜ್‌ನ ಪಕ್ಕ ಕೂತು ಸೂಪು ಕುಡಿಯುವ ತನ್ನನ್ನು ಅವಳು ಕಂಡಳು. ಮರುದಿನ, ಅದರ ಮರುದಿನ. ಜೊಯೆಲನಿಗೆ ಯಾವಾಗ, ಏನೆಂದು ಫೋನು ಮಾಡುವುದು?

"ಫೋನಿಡು," ಎಂದಳು. "ಆಮೇಲೆ ಬೈತೀನಿ ನಿನ್ನ."

ರದೋನ್ ಬಂತು. ಅವಳು ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲೇ ಇದ್ದಳು. ಬಾಗಿಲು ತೆರೆಯಿತು, ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಆಚೆ ಪ್ಲಾಟ್‌ಫಾರಂನಲ್ಲಿ ಪ್ಯಾರಿಸ್ ಎಂಬ ಅಕ್ಷರಗಳು ಹೊಳೆಯುತ್ತಿದ್ದವು. ಈ ಸಲ ಯಾರೂ ಶಿಳ್ಳೆ ಊದಿ ಅವಸರಪಡಿಸಲಿಲ್ಲ. ಎರಡು ನಿಮಿಷ ಪೂರ್ತಿ ಇತ್ತು. ಅವಳು ಪೆಟ್ಟಿಗೆಯ ಹಿಡಿಯನ್ನು ಕೈ ಬದಲಿಸಿ ಹಿಡಿದಳು. ಕೆಳಗೆ ನಿಂತಿದ್ದ ಮರಿವೋನ್ ಏನೆಂದು ಹುಬ್ಬಿನಲ್ಲೇ ಕೇಳಿದಳು. ಎವ್ಲೀನ್ ತಲೆಯಾಡಿಸಿದಳು. ಇಳಿಯುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಪೆಟ್ಟಿಗೆಯ ಮೇಲೇ ಕೂತುಬಿಟ್ಟಳು.

ಇನ್ನು ಭಯವೆಲ್ಲ ಆ ಒಂಬತ್ತು ನಿಮಿಷದ ಮೇಲೆ. ವಾನ್ ಸರಿಯಾದ ಹೊತ್ತಿಗೆ ಹೋಯಿತು, ಓರೇ ಕೂಡ. ಓರೇ ದಾಟಿದ ಮೇಲೆ ರೈಲು ನಿಧಾನವಾಯಿತು, ತೆವಳಿತು, ಹೊಲಗಳ ನಡುವೆ ನಿಂತೇಬಿಟ್ಟಿತು. ರಾತ್ರಿಯ ಗಾಳಿಗೆ ದೊಡ್ಡ ಕೊಂಬೆಯೊಂದು ಹಳಿಯ ಮೇಲೆ ಬಿದ್ದಿದೆ, ತೆಗೆಯುತ್ತಿದ್ದಾರೆ ಎಂದರು. ಪಕ್ಕದ ಡಬ್ಬಿಯಲ್ಲಿ ಯಾರೋ ಇಸ್ಪೀಟು ಆಡುತ್ತ ನಗುತ್ತಿದ್ದರು. ಬೇಲಿಯಾಚೆ ಎರಡು ಹಸು ಮಲಗಿ ಮೆಲುಕು ಹಾಕುತ್ತಿದ್ದವು. ಎವ್ಲೀನ್ ಗಡಿಯಾರ ನೋಡಿದಳು. ನಾಲ್ಕು ನಿಮಿಷ. ಏಳು. ಒಂಬತ್ತಾದಾಗ ಅವಳ ಲೆಕ್ಕ ಮುಗಿಯಿತು. ಹನ್ನೆರಡನೇ ನಿಮಿಷಕ್ಕೆ ರೈಲು ಅಲುಗಿತು.

ಆಸ್ಪತ್ರೆಗೆ ಫೋನು ಮಾಡಿದರೆ ನರ್ಸು ಸಮಾಧಾನದಿಂದಲೇ ಮಾತಾಡಿದಳು, ಆದರೆ ಐದು ಗಂಟೆ ಎಂದರೆ ಐದೇ, ಪ್ರಯೋಗಾಲಯದವರು ಕಾಯಲಾರರು ಎಂದಳು. ಮರಿವೋನ್ ಕ್ಯಾಂಪೇರ್ ಸ್ಟೇಷನ್ನಿನವರೊಡನೆ ಮೂರು ಸಲ ಫೋನಿನಲ್ಲಿ ಜಗಳವಾಡಿದಳು. ಕೊನೆಗೆ ಬಂದು ಹೇಳಿದಳು: "ಚಿಕ್ಕ ರೈಲನ್ನ ಐದು ನಿಮಿಷ ಹಿಡ್ಕೋತಾರಂತೆ. ಆರನೇ ನಿಮಿಷಕ್ಕೆ ಬಿಟ್ಟುಬಿಡ್ತಾರೆ. ಓಡೋಕಾಗುತ್ತಾ ನಿಮಗೆ?"

"ಇನ್ನೂರು ಮಕ್ಕಳ ಹಿಂದೆ ಓಡಿದೀನಿ," ಎಂದಳು ಎವ್ಲೀನ್. ಆ ದಿನ ಅವಳ ಬಾಯಿಂದ ಬಂದ ಮೊದಲ ನೆಟ್ಟಗಿನ ಮಾತು ಅದು.

ಕ್ಯಾಂಪೇರ್‌ನಲ್ಲಿ ಬಾಗಿಲು ತೆರೆಯುವ ಮೊದಲೇ ಮರಿವೋನ್ ಪೆಟ್ಟಿಗೆಯನ್ನು ಕಿತ್ತುಕೊಂಡಿದ್ದಳು. ಇಬ್ಬರೂ ಮೆಟ್ಟಿಲಿಳಿದು, ಹಳಿಗಳ ಕೆಳಗಿನ ದಾರಿಯಲ್ಲಿ ಓಡಿ, ಇನ್ನೊಂದು ಮೆಟ್ಟಿಲು ಹತ್ತಿದರು. ಎವ್ಲೀನಳಿಗೆ ಪಕ್ಕೆ ಹಿಡಿದುಕೊಂಡಿತು, ಕಣ್ಣು ಕತ್ತಲೆಗಟ್ಟಿತು. ಎರಡೇ ಡಬ್ಬಿಯ ಪುಟ್ಟ ರೈಲು ಬಾಗಿಲು ತೆರೆದುಕೊಂಡು ನಿಂತಿತ್ತು. ಚಾಲಕ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದ್ದ.

"ಕಿಡ್ನಿ ಮೇಡಂ ಇವ್ರೇನಾ?"

"ಇವ್ರೇ. ಮೆಲ್ಲಗೆ ಓಡಿಸೋ, ಎರಡೂ ಒಳಗೇ ಇವೆ," ಎಂದಳು ಮರಿವೋನ್ ಏದುಸಿರು ಬಿಡುತ್ತ. ಪೆಟ್ಟಿಗೆ ಒಳಗೆ ತಳ್ಳಿ, ಎವ್ಲೀನಳ ಎರಡೂ ಕೆನ್ನೆಗೆ ಮುತ್ತಿಟ್ಟು, ಬಾಗಿಲು ಮುಚ್ಚುವ ಮುನ್ನ ಹಿಂದಕ್ಕೆ ಸರಿದಳು.

ಚಿಕ್ಕ ರೈಲು ಕಾಡು, ಹೊಳೆಗಳ ನಡುವೆ ತಿರುತಿರುಗಿ ಸಾಗಿತು. ಇನ್ನು ತಪ್ಪಿಸಿಕೊಳ್ಳಲು ಎಡೆ ಇಲ್ಲ, ಈ ಹಳಿ ಮುಗಿಯುವುದೇ ಬ್ರೆಸ್ಟ್‌ನಲ್ಲಿ. ಭಯ ಹೋಗಲಿಲ್ಲ. ಅವಳು ಸೆರ್ಜ್‌ಗೆ ಫೋನು ಮಾಡಿ, ತಾನು ವಾಪಸ್ ಬರುತ್ತಿಲ್ಲ, ಬ್ರೆಸ್ಟ್ ಹತ್ತಿರ ಇದ್ದೇನೆ ಎಂದಳು.

"ಏನಾದ್ರೂ ತಿಂದ್ಯಾ?" ಎಂದ ಅವನು.

"ಇಲ್ಲ."

"ತಿನ್ನು. ರಾತ್ರಿಯಿಂದ ಏನೂ ಕೊಡಲ್ಲ ಅವರು."

ಅವಳು ಚೀಲದಿಂದ ಬ್ರೆಡ್ಡು ತೆಗೆದು, ಒಂದು ಚೂರೂ ಬಿಡದೆ ತಿಂದಳು.

ಬ್ರೆಸ್ಟ್‌ನಲ್ಲಿ ಇಳಿದಾಗ ನಾಲ್ಕು ಗಂಟೆ ಹನ್ನೊಂದು ನಿಮಿಷ. ಐದಕ್ಕೆ ಹದಿನೆಂಟು ನಿಮಿಷ ಇರುವಾಗ ನರ್ಸು ಅವಳ ತೋಳಿಗೆ ಸೂಜಿ ಚುಚ್ಚಿದಳು. ಸಂಜೆ ಜೊಯೆಲನ ಕೋಣೆಗೆ ಹೋದರೆ ಅವನು ಹಾಸಿಗೆಯ ಅಂಚಿನಲ್ಲಿ ಕೂತಿದ್ದ, ಮೈಯೆಲ್ಲ ಒಣಗಿ, ಬಣ್ಣಗೆಟ್ಟು. ಬೈಯುತ್ತೇನೆಂದಿದ್ದವಳು ಬೈಯಲಿಲ್ಲ. ಹೂವು ಯಾವುದಿತ್ತು ಎಂದು ಕೇಳಿದಳು. ಬಿಳಿ ಸೇವಂತಿಗೆ ಎಂದ. ಬೆಳಿಗ್ಗೆ ಆಪರೇಷನ್ ಕೋಣೆಯಲ್ಲಿ ಡಾಕ್ಟರು ಕೊನೆಯ ಸಲ, ಒಪ್ಪಿಗೆಯೇ ಎಂದು ಕೇಳಿದರು. ಅವಳ ಹಲ್ಲು ಕಟಕಟ ಎನ್ನುತ್ತಿದ್ದವು. ಹೂಂ ಎಂದಳು.

ಆಪರೇಷನ್ನಿನ ಮರುದಿನ ಮಧ್ಯಾಹ್ನ, ನೋವಿನ ಔಷಧಿಯ ಮಂಪರಿನಲ್ಲಿರುವಾಗ, ನರ್ಸು ಫೋನು ತಂದು ಕಿವಿಗೆ ಹಿಡಿದಳು. ಎರಡು ಕೋಣೆ ಆಚೆಯಿಂದ ಜೊಯೆಲ್.

"ಅಕ್ಕ, ಉಚ್ಚೆ ಬಂತು. ಎರಡು ವರ್ಷ ಆದಮೇಲೆ. ಚೀಲ ತುಂಬ್ತಾನೇ ಇದೆ, ನರ್ಸಮ್ಮ ಬದಲಾಯಿಸಿ ಬದಲಾಯಿಸಿ ಸುಸ್ತಾಗಿದಾರೆ."

ಎವ್ಲೀನ್ ನಕ್ಕಳು. ಹೊಲಿಗೆ ಎಳೆದು ಪ್ರಾಣ ಹೋದಂತಾಯಿತು, ಆದರೂ ನಗು ನಿಲ್ಲಲಿಲ್ಲ.

ಸೆರ್ಜ್ ಬಂದದ್ದು ಶನಿವಾರ, ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಅವಳ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು, ಜೊಯೆಲನ ಕೋಣೆ ಯಾವುದು ಎಂದು ಕೇಳಿಕೊಂಡು ಹೋದ. ಒಂದು ಗಂಟೆ ಬಿಟ್ಟು ಬಂದ. ಏನು ಮಾತಾಡಿದಿರಿ ಎಂದು ಅವಳು ಕೇಳಿದಳು.

"ಏನಿಲ್ಲ," ಎಂದ. "ಮೀನು ಹಿಡಿಯೋ ವಿಷಯ."

ಅವನ ಕಣ್ಣು ಕೆಂಪಗಿದ್ದವು.